ಹಳ್ಳದ ಪಕ್ಕದ ಮೀಸಲು ಹುಲ್ಲು

ಆ ಬೇಸಿಗೆ ಹುಲ್ಲಿನ ಯಜಮಾನಿಕೆ ಸೊಸೆಯ ಕೈಗೆ ಬಂದದ್ದು ಮಾವನ ಮಂಡಿನೋವಿನ ದೆಸೆಯಿಂದ. ಅವಳ ಜಾಣತನಕ್ಕೆ ಮೆಚ್ಚಿ ಯಾರೂ ಕೊಟ್ಟದ್ದಲ್ಲ. ಹಸು, ಕುರಿ, ಕೋಳಿ ಮೂರೂ ಇದ್ದ ಫಾರಂ ಅದು. ಅಷ್ಟು ವರ್ಷವೂ ಬೆಳಗಾದರೆ ಎಲ್ಲ ಗೇಟು ತೆರೆದು, ಮೇಯುವುದು ಅವಕ್ಕೆ ಗೊತ್ತು ಎಂದು ಹಾಯಾಗಿ ಬಂದು ಕುಳಿತುಬಿಡುತ್ತಿದ್ದರು ಮಾವ. ಬೇಸಿಗೆ ನಡುವಿಗೆ ಬರುವಷ್ಟರಲ್ಲಿ ಹುಲ್ಲುಗಾವಲು ಬೋಳು ತಲೆಯಾಗಿರುತ್ತಿತ್ತು.

ಸೊಸೆ ಕೈಹಾಕಿದವಳೇ ಹುಲ್ಲುಗಾವಲಿಗೆ ಹಗ್ಗ ಕಟ್ಟಿ ಪಟ್ಟಿ ಪಟ್ಟಿ ಮಾಡಿದಳು. ಒಂದೊಂದು ದಿನ ಹಸುಗಳಿಗೆ ಒಂದೊಂದು ಪಟ್ಟಿ. ಅವು ಹುಲ್ಲಿನ ತುದಿ ಮೇಯ್ದು ಮುಂದಕ್ಕೆ ಹೋದ ಮೇಲೆ ಕುರಿಗಳು, ಕುರಿಗಳ ಹಿಂದೆ ಸಗಣಿ ಕೆದಕಲು ಕೋಳಿಗಳು. ಆಮೇಲೆ ಆ ಪಟ್ಟಿಗೆ ಯಾರೂ ಕಾಲಿಡುವಂತಿಲ್ಲ. ಹುಲ್ಲು ಮತ್ತೆ ಎದ್ದು ನಿಂತ ಮೇಲೆಯೇ ಅದರ ಸರದಿ. ಹಳ್ಳದ ಪಕ್ಕದ ಹೊಲವನ್ನಂತೂ ಅವಳು ಮುಟ್ಟಿಯೇ ಇರಲಿಲ್ಲ. ಬಿಸಿಲು ತಾರಕಕ್ಕೇರಿ ಬೇರೆಲ್ಲ ಒಣಗಿದಾಗ ಬೇಕಾಗುವ ಮೀಸಲು ಹುಲ್ಲು ಅದು. ಅತ್ತೆ ಅದಕ್ಕೆ ಸೊಸೆಯ ಬ್ಯಾಂಕು ಎಂದು ಹೆಸರಿಟ್ಟಿದ್ದರು.

ಮಾವ ಇದಕ್ಕೊಂದು ಷರತ್ತು ಹಾಕಿದ್ದರು. ಮಳೆ ಬರುವ ತನಕ ಹುಲ್ಲು ಸಾಕಾಯಿತೋ ಸರಿ. ಸಾಲದೇ ಹೋದರೆ ಒಂದು ಬಾಯಿ ಕಡಿಮೆ ಮಾಡಬೇಕು. ಆ ಬಾಯಿ ಯಾರದು ಎಂದು ಕೇಳಬೇಕಾಗಿರಲಿಲ್ಲ. ಹಾಲು ಕೊಡುವುದನ್ನು ಎಂದೋ ನಿಲ್ಲಿಸಿದ್ದ, ಮನೆಯವರೆಲ್ಲ ಅಜ್ಜಿ ಎಂದು ಕರೆಯುತ್ತಿದ್ದ ಮುದಿ ಹಸು. ಅತ್ತೆಯ ತಮ್ಮನ ಫಾರಂಗೆ ಅದನ್ನು ಕಳಿಸುವ ಮಾತು ಆಗಲೇ ನಡೆದಿತ್ತು. ಸೊಸೆಗೆ ಅಜ್ಜಿಯೆಂದರೆ ಪ್ರಾಣ. ಮದುವೆಯಾಗಿ ಬಂದ ಹೊಸತರಲ್ಲಿ ಅವಳ ಹೆಗಲ ಮೇಲೆ ಮೊದಲು ತಲೆಯಿಟ್ಟದ್ದೇ ಆ ಹಸು. ಗಂಡನಿಗೆ ಅಷ್ಟು ಧೈರ್ಯ ಬಂದದ್ದು ಆಮೇಲೆ.

ಪಟ್ಟಿಗಳ ಲೆಕ್ಕಾಚಾರ ಚೆನ್ನಾಗಿಯೇ ನಡೆದಿತ್ತು. ಆದರೆ ಹಸುಗಳು ಒಂದು ಹೊಸ ವಿದ್ಯೆ ಕಲಿತಿದ್ದವು. ಮನುಷ್ಯರು ಹಗ್ಗದ ಹತ್ತಿರ ಬಂದರೆ ಹೊಸ ಹುಲ್ಲು ಸಿಗುತ್ತದೆ ಎಂದು ಗೊತ್ತಾಗಿ, ಯಾರ ತಲೆ ಕಂಡರೂ ಸಾಲಾಗಿ ನಿಂತು ಅಂಬಾ ಎಂದು ಅರಚುತ್ತಿದ್ದವು. ಸೊಸೆ ಅದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಮಾವನಿಗೆ ಮಾತ್ರ ಕೇಳಿದಾಗಲೆಲ್ಲ ಕನಿಕರ ಉಕ್ಕುತ್ತಿತ್ತು.

ಒಂದು ಮಧ್ಯಾಹ್ನ ಸೊಸೆ ಕುರಿಗಳಿಗೆ ನೀರು ಕುಡಿಸಲು ಹೋದ ಹೊತ್ತು ನೋಡಿ ಮಾವ ಕೋಲೂರಿಕೊಂಡು ಬಂದರು. ಹಸುಗಳು ಗಂಟಲು ಹರಿಯುವಂತೆ ಕೂಗಿದವು. ಅಯ್ಯೋ ಪಾಪ, ಹಸಿದು ಸಾಯುತ್ತಿವೆ ಎಂದುಕೊಂಡ ದೊಡ್ಡ ಮನುಷ್ಯರು ಹಗ್ಗ ಬಿಚ್ಚಿದ್ದಲ್ಲದೆ, ನೇರ ಹಳ್ಳದ ಪಕ್ಕದ ಹೊಲಕ್ಕೇ ಹೋಗಿ ಅದರ ಗೇಟು ತೆರೆದುಬಿಡಬೇಕೇ.

ಸೊಸೆ ಕುರಿಗಳನ್ನು ಹೊಡೆದುಕೊಂಡು ದಿಬ್ಬ ಏರಿದಾಗ ಕಂಡದ್ದು ತೆರೆದ ಗೇಟು, ಅಲ್ಲಿಯವರೆಗೂ ಹಸುಗಳ ಸಾಲು. ಅಷ್ಟೂ ಹಸುಗಳು ಒಟ್ಟಿಗೆ ನುಗ್ಗಿದರೆ ತಿನ್ನುವುದಕ್ಕಿಂತ ತುಳಿದು ಹಾಳು ಮಾಡುವುದೇ ಹೆಚ್ಚು. ಮೀಸಲು ಹುಲ್ಲೂ ಹೋಯಿತು, ಅಜ್ಜಿಯೂ ಹೋದಳು. ಕುರಿಗಳನ್ನು ಅಲ್ಲೇ ಬಿಟ್ಟು ಬಿದ್ದೆನೋ ಎದ್ದೆನೋ ಎಂದು ಓಡಿದಳು.

ಹತ್ತಿರ ಬಂದು ನೋಡಿದರೆ ಒಂದು ಹಸುವೂ ಒಳಗೆ ಹೋಗಿರಲಿಲ್ಲ. ಎಂದಿನಂತೆ ಎಲ್ಲರಿಗಿಂತ ಮುಂದೆ ನಡೆದಿದ್ದ ಅಜ್ಜಿ, ಗೇಟಿನ ಹತ್ತಿರ ಮರದ ನೆರಳು ಕಂಡದ್ದೇ ತಡ, ಆ ಕಿರಿದಾದ ದಾರಿಗೆ ಅಡ್ಡಲಾಗಿ ಮಲಗಿ, ಕಣ್ಣು ಅರೆಮುಚ್ಚಿ ಮೆಲುಕು ಹಾಕುತ್ತಿದ್ದಳು. ಮಾವ ಬೆನ್ನು ತಟ್ಟಿದರು, ಬಾಲ ಹಿಡಿದೆಳೆದರು, ನನ್ನವ್ವ ಏಳೆ ಎಂದರು, ಮುದಿ ಪೀಡೆ ಎಂದರು. ಜಪ್ಪಯ್ಯ ಅಂದರೂ ಅಜ್ಜಿ ಅಲ್ಲಾಡಲಿಲ್ಲ. ಹಿಂದೆ ನಿಂತಿದ್ದ ಹಸುಗಳೂ ಕಾದು ಬೇಸತ್ತು ಒಂದೊಂದಾಗಿ ಮಂಡಿಯೂರಿ ಮಲಗತೊಡಗಿದವು.

ಸೊಸೆ ರೇಗಬೇಕೆಂದು ಬಾಯಿ ತೆರೆದರೆ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಾವ ನಗಲಿಲ್ಲ. ಬೆವರು ಒರೆಸಿಕೊಳ್ಳುತ್ತಾ ಅಜ್ಜಿಯ ಎಡಪಕ್ಕೆಯನ್ನು ನೋಡಿದರು, ಹಿಂದಿನ ಹಸುಗಳ ಪಕ್ಕೆಗಳನ್ನು ನೋಡಿದರು. ಎಲ್ಲವೂ ತುಂಬಿ ಉಬ್ಬಿದ್ದವು. ಜನ್ಮವೆಲ್ಲ ದನಗಳ ಜೊತೆ ಕಳೆದವರಿಗೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

“ಹಸಿದಿರೋ ದನ ಹೀಗೆ ಮಲ್ಕೊಂಡು ಮೆಲುಕು ಹಾಕಲ್ಲ ಕಣಮ್ಮ,” ಎಂದರು. “ಬರೀ ಕೂಗಿಗೆ ಮೋಸ ಹೋದೆ.”

ಅಷ್ಟರಲ್ಲಿ ಅತ್ತೆ ಫೋನು ಹಿಡಿದುಕೊಂಡು ಬಂದರು. ಅವರ ತಮ್ಮನ ಗಾಡಿ ನಾಳೆ ಈ ಕಡೆ ಬರುವುದಿತ್ತಂತೆ. ಮುದಿ ಹಸುವನ್ನು ಕಳಿಸುವುದೋ ಬೇಡವೋ ಈಗಲೇ ಹೇಳಿ ಎನ್ನುತ್ತಿದ್ದನಂತೆ. ಸೊಸೆಯ ನಗು ಅಲ್ಲಿಗೇ ನಿಂತಿತು. ಮಾವ ಗೇಟಿನಾಚೆಗಿನ ಹುಲ್ಲನ್ನು ಒಂದು ಸಲ ಕಣ್ತುಂಬ ನೋಡಿದರು. ಅಂಥ ಬಿಸಿಲಿನಲ್ಲೂ ಅದು ಮೊಣಕಾಲೆತ್ತರ ಹಸಿರಾಗಿ ನಿಂತಿತ್ತು.

“ಕಳಿಸೋಕೆ ಯಾವ ಹಸುವೂ ಇಲ್ಲ ಅಂತ ಹೇಳು,” ಎಂದರು. “ಇಲ್ಲಿರೋರಿಗೆಲ್ಲ ಕೆಲಸ ಇದೆ.”

ಸೊಸೆಗೆ ಸಂತೋಷ ತಡೆಯಲಾಗದೆ ಕಣ್ಣು ತುಂಬಿ ಬಂತು. ಅದನ್ನು ತೋರಿಸಿಕೊಳ್ಳಬಾರದೆಂದು ಗೇಟಿಗೆ ಕೈ ಹಾಕಿ, ಅಜ್ಜಿಯನ್ನು ಎಬ್ಬಿಸಿ ಮುಚ್ಚಿಬಿಡಲಾ ಮಾವ ಎಂದು ಕೇಳಿದಳು. ಮಾವ ಕೋಲು ಬದಿಗಿಟ್ಟು ಅಜ್ಜಿಯ ಪಕ್ಕದಲ್ಲೇ ನೆರಳಿಗೆ ಕುಳಿತು, ನೋಯುವ ಕಾಲು ಚಾಚಿದರು.

“ಇರಲಿ ಬಿಡು. ಅವಳು ತಾನಾಗೇ ಏಳಲಿ, ಆಮೇಲೆ ಮುಚ್ಚಿದ್ರಾಯ್ತು.”