ಚುಕ್ಕಿ ಕೊಟ್ಟು ಮಲಗಿದವನು

ಲಾರಿ ಕಚೇರಿಯ ಮಹಡಿಯಲ್ಲಿ, ಕಿಟಕಿಗೆ ಬೆನ್ನು ಹಾಕಿ ಕೂರುವ ಹೆಂಗಸಿಗೆ ಡ್ರೈವರುಗಳೆಲ್ಲ ಸೇರಿ ಚುಕ್ಕಿ ಅಕ್ಕ ಅಂತ ಹೆಸರಿಟ್ಟಿದ್ದರು. ಅವಳ ಕೆಲಸವೇ ಅಂಥದ್ದು. ಎದುರಿಗೆ ಒಂದು ಪರದೆ, ಪರದೆ ತುಂಬ ನಕ್ಷೆ, ನಕ್ಷೆಯ ಮೇಲೆ ನಲವತ್ತೊಂದು ಚುಕ್ಕಿ. ಒಂದೊಂದು ಚುಕ್ಕಿಗೂ ಒಬ್ಬೊಬ್ಬ ಡ್ರೈವರು. ಲಾರಿಗಳಿಗೆ ಯಾವ ಯಂತ್ರವನ್ನೂ ಕೂರಿಸಿರಲಿಲ್ಲ. ಕೆಲಸಕ್ಕೆ ಸೇರಿದ ದಿನ ಡ್ರೈವರಿನ ಮೊಬೈಲಿಗೆ ಒಂದು ಮೆಸೇಜು ಬರುತ್ತಿತ್ತು. ಅವನು ‘ಒಪ್ಪಿಗೆ’ ಅಂತ ಒತ್ತಿದರೆ ಮುಗಿಯಿತು. ಅಲ್ಲಿಂದ ಮುಂದೆ ಹದಿನೈದು ನಿಮಿಷಕ್ಕೊಮ್ಮೆ ಕಚೇರಿಯ ಕಂಪ್ಯೂಟರು ಮೊಬೈಲ್ ಕಂಪನಿಯನ್ನು ಕೇಳುತ್ತಿತ್ತು, ಈ ನಂಬರು ಇಂಥ ಟವರಿನ ಆಸುಪಾಸಲ್ಲಿದೆ ಅಂತ ಕಂಪನಿ ಹೇಳುತ್ತಿತ್ತು, ಚುಕ್ಕಿ ಒಂದಿಷ್ಟು ಜರುಗುತ್ತಿತ್ತು.

ನಲವತ್ತು ನಿಮಿಷ ಜರುಗದಿದ್ದರೆ ಚುಕ್ಕಿ ಕೆಂಪಾಗುತ್ತಿತ್ತು. ಆಗ ಅವಳು ಫೋನ್ ಹಚ್ಚಿ, “ಏನಣ್ಣ, ಟೈರಾ ನಿದ್ದೆಯಾ?” ಅಂತ ಕೇಳಿ ಬರೆದಿಡಬೇಕು. ತಿಂಗಳಲ್ಲಿ ಮೂರು ಸಲ ಕೆಂಪಾದವನಿಗೆ ದೂರದ ಓಟ ಸಿಗುತ್ತಿರಲಿಲ್ಲ.

ಡ್ರೈವರುಗಳಲ್ಲಿ ನಿಧಾನಣ್ಣ ಅಂತ ಒಬ್ಬ. ಐವತ್ತು ದಾಟಿದವನು. ಎತ್ತಿನ ಗಾಡಿಯ ಹಿಂದೆ ಸಿಕ್ಕಿಹಾಕಿಕೊಂಡರೂ ಹಾರ್ನ್ ಹೊಡೆಯದೆ ಕಾಯುವ ಜೀವ. ಆ ತಿಂಗಳು ಅವನಿಗೆ ಆಗಲೇ ಎರಡು ಕೆಂಪಾಗಿತ್ತು. ಎರಡನೆಯದನ್ನು ಬರೆಯುವಾಗ ಅವಳೇ ಗದರಿದ್ದಳು. “ಇನ್ನೊಂದಾದ್ರೆ ನಾನೂ ಏನೂ ಮಾಡೋಕಾಗಲ್ಲಣ್ಣ, ಈಗಲೇ ಹೇಳಿದೀನಿ.” ಅವನು ಆ ಕಡೆಯಿಂದ, “ಎದೆ ಸ್ವಲ್ಪ ಹಿಡ್ಕೊಂಡಂಗೆ ಇತ್ತು ತಾಯಿ, ಅದಕ್ಕೇ ನಿಲ್ಲಿಸ್ದೆ” ಅಂದಿದ್ದ. ಎದೆ ಹಿಡಿದುಕೊಂಡಿದ್ದಕ್ಕೆ ಆ ಪಟ್ಟಿಯಲ್ಲಿ ಖಾನೆ ಇರಲಿಲ್ಲ. ‘ವಿಶ್ರಾಂತಿ’ ಅಂತ ಬರೆದಿದ್ದಳು.

ಅದಾಗಿ ಒಂಬತ್ತನೇ ದಿನ. ಬೆಳಿಗ್ಗೆ ಅವಳು ಬಂದು ಕೂತು ನೋಡುತ್ತಾಳೆ, ನಿಧಾನಣ್ಣನ ಚುಕ್ಕಿ ಎಲ್ಲರಿಗಿಂತ ಮುಂದೆ ಓಡುತ್ತಿದೆ! ಪಕ್ಕದಲ್ಲೇ, ಒಂದರ ಮೇಲೊಂದು ಕೂತ ಹಾಗೆ, ಗಾಳಿಯ ಚುಕ್ಕಿ. ಗಾಳಿ ಅಂದರೆ ಇಪ್ಪತ್ತೆಂಟರ ಹುಮ್ಮಸ್ಸಿನ ಡ್ರೈವರು. ಅವನು ಬ್ರೇಕ್ ಒತ್ತಿದ್ದನ್ನು ಕಂಡವರಿಲ್ಲ ಅಂತ ಉಳಿದವರು ಆಡಿಕೊಳ್ಳುತ್ತಿದ್ದರು.

“ನೋಡಿ ಸಾರ್, ನಿಧಾನಣ್ಣಂಗೆ ರೆಕ್ಕೆ ಬಂದಿದೆ” ಅಂದಳು ಮ್ಯಾನೇಜರಿಗೆ.

“ಕೆಂಪಿನ ಬಿಸಿ ತಾಗಿದೆ ಬಿಡಿ” ಅಂತ ಅವನು ನಕ್ಕ.

ಹತ್ತು ಗಂಟೆಗೆ ನಿಧಾನಣ್ಣನ ಹೆಂಡತಿ ಫೋನ್ ಮಾಡಿದಳು. ಆಗಾಗ ಮಾಡುವವಳೇ. “ತಂಗೀ, ಇವರು ಫೋನೇ ಎತ್ತುತಾ ಇಲ್ಲ. ನಿನ್ನೆ ರಾತ್ರಿ ಬೇರೆ ಮೈ ಸರಿಯಿಲ್ಲ ಅಂತಿದ್ರು. ಎಲ್ಲಿದ್ದಾರೆ ಸ್ವಲ್ಪ ನೋಡ್ತೀಯಾ?”

ಅವಳು ಪರದೆ ನೋಡಿದಳು. “ಚೆನ್ನಾಗಿ ಓಡಿಸ್ತಿದ್ದಾರಕ್ಕ. ಸೇತುವೆ ದಾಟಾಯ್ತು. ಇವತ್ತು ನಿಮ್ಮ ಯಜಮಾನರೇ ಎಲ್ಲರಿಗಿಂತ ಮುಂದೆ.”

“ಹೌದಾ! ಸದ್ಯ. ಓಡಿಸೋವಾಗ ಎತ್ತಲ್ಲ ಅವರು, ನಾನೇ ಹೆದರುಪುಕ್ಕಲಿ” ಅಂತ ಆಕೆ ಫೋನ್ ಇಟ್ಟಳು.

ಮಧ್ಯಾಹ್ನ ಒಂದೂವರೆಗೆ ಸರಕು ಇಳಿಸುವ ಗೋದಾಮಿನ ಗೇಟಿನವನು ಕರೆ ಮಾಡಿದ. “ನಿಮ್ಮ ಎರಡು ಲಾರಿ ಬಂದಿದೆ ಅಂತ ಇಲ್ಲಿ ಕಂಪ್ಯೂಟರಲ್ಲಿ ತೋರಿಸ್ತಿದೆ. ನನ್ನ ಕಣ್ಣಿಗೆ ಒಂದೇ ಕಾಣ್ತಿದೆ. ಇನ್ನೊಂದೇನು ಜೇಬಲ್ಲಿದೆಯಾ?”

ಅವಳು ನಗುತ್ತಲೇ ನಿಧಾನಣ್ಣನ ನಂಬರು ಒತ್ತಿದಳು. ಎತ್ತಿದ್ದು ಗಾಳಿ.

“ಅಕ್ಕಾ… ಬೈಬೇಡಿ.”

“ನೀನ್ಯಾಕೋ ಎತ್ತಿದ್ದು? ಅಣ್ಣ ಎಲ್ಲಿ?”

“ಅಣ್ಣ ಚುಕ್ಕಿ ಕೊಟ್ಟು ಮಲಗಿದ್ದಾರೆ.”

ಅವಳಿಗೆ ಅರ್ಥವಾಗಲಿಲ್ಲ. ಅವನು ತಡವರಿಸಿಕೊಂಡು ಹೇಳಿದ. ಡ್ರೈವರುಗಳೆಲ್ಲ ಮಾಡುವುದೇ ಅದು. ತೀರಾ ಸುಸ್ತಾದರೆ ಮುಂದೆ ಹೋಗುವವನ ಕೈಗೆ ಫೋನ್ ಕೊಟ್ಟು ಎರಡು ಗಂಟೆ ಮಲಗುವುದು. ಚುಕ್ಕಿ ಓಡುತ್ತಿರುತ್ತದೆ, ಕೆಂಪಾಗುವುದಿಲ್ಲ. ಗೋದಾಮಿನ ಹತ್ತಿರ ಬಂದು ಫೋನ್ ವಾಪಸ್ ಇಸಿದುಕೊಳ್ಳುವುದು. ಅವಳೊಬ್ಬಳಿಗೆ ಬಿಟ್ಟು ರಸ್ತೆಗೆಲ್ಲ ಗೊತ್ತಿದ್ದ ವಿಷಯ.

“ಬೆಳಿಗ್ಗೆ ಐದೂವರೆಗೆ ಕೊಟ್ರು. ಬೆವರು ಸುರೀತಿತ್ತು ಅಕ್ಕಾ. ‘ಎದೆ ಹಿಡ್ಕೊಂಡಿದೆ ಕಣೋ, ಎರಡು ಗಂಟೆ ಬಿದ್ಕೊಂಡ್ರೆ ಸರಿಹೋಗುತ್ತೆ’ ಅಂದ್ರು. ಡಾಕ್ಟರ ಹತ್ರ ಹೋಗೋಣ ಅಂದೆ. ‘ಮೂರನೇ ಕೆಂಪು ಆಗುತ್ತೆ, ಹೋಗು ನೀನು’ ಅಂತ ನನ್ನನ್ನೇ ಬೈದ್ರು. ಒಂಬತ್ತಕ್ಕೆಲ್ಲ ಯಾರದಾದ್ರೂ ಫೋನಿಂದ ಮಾತಾಡ್ತೀನಿ ಅಂದಿದ್ರು.”

“ಮಾತಾಡಿದ್ರಾ?”

“ಇಲ್ಲ.”

“ಅವರ ಹೆಂಡತಿ ಅಷ್ಟು ಸಲ ಮಾಡಿದ್ದಾರಲ್ಲೋ, ಎತ್ತೋಕೇನಾಗಿತ್ತು ನಿಂಗೆ?”

“ಏನಂತ ಹೇಳ್ಲಿ ಅಕ್ಕಾ?”

ಎಂಟು ಗಂಟೆ ಕಳೆದುಹೋಗಿತ್ತು. ಅವಳು ಇನ್ನೊಂದು ಫೋನಿನಲ್ಲಿ ಆಂಬುಲೆನ್ಸಿನವರನ್ನು ಹಿಡಿದಳು. ಆ ಕಡೆಯ ಹುಡುಗಿ ಚುರುಕಾಗಿದ್ದಳು. “ಪೇಷಂಟ್ ನಂಬರ್ ಹೇಳಿ ಮೇಡಂ, ಎಲ್ಲಿದ್ದಾರೆ ಅಂತ ನೆಟ್‌ವರ್ಕಿಂದಲೇ ತಗೋತೀವಿ.”

“ನಂಬರ್ ಬೇಡಮ್ಮ. ನಂಬರ್ ಒಂದು ಕಡೆ, ಮನುಷ್ಯ ಇನ್ನೊಂದು ಕಡೆ.”

“ಹಾಗಂದ್ರೆ? ನಂಬರ್ ಇಲ್ದೆ ಹೇಗೆ ಹುಡುಕೋದು?”

“ಬಾಯಲ್ಲಿ ಹೇಳ್ತೀನಿ, ಬರ್ಕೊಳ್ಳಿ” ಅಂದಳು. ಒಂದು ಕಿವಿಗೆ ಗಾಳಿ, ಇನ್ನೊಂದು ಕಿವಿಗೆ ಆ ಹುಡುಗಿ. ಅವನು ಹೇಳಿದ್ದನ್ನು ಇವಳು ಹಾಗೇ ದಾಟಿಸಿದಳು: ಹೆದ್ದಾರಿಯಲ್ಲಿ ಮುಚ್ಚಿಹೋದ ಲಾರಿ ತೂಕದ ಕಟ್ಟೆ, ಅದು ದಾಟಿ ಎರಡನೇ ತಿರುವು, ಎಡಕ್ಕೆ ಮಣ್ಣಿನ ದಾರಿ, ಮುರಿದ ಕಾಂಪೌಂಡಿನ ಹಿಂದೆ, ನೀಲಿ ಕ್ಯಾಬಿನ್ನಿನ ಲಾರಿ. ರಸ್ತೆಗೆ ಕಾಣಬಾರದು ಅಂತಲೇ ಹಿಂದೆ ನಿಲ್ಲಿಸಿದ್ದ.

ಮ್ಯಾನೇಜರು ಬಂದು ನಿಂತಿದ್ದ. “ಇದು ಗಿರಾಕಿ ಕಿವಿಗೆ ಬೀಳೋದು ಬೇಡ. ಚುಕ್ಕಿನೇ ಸುಳ್ಳು ಅಂತ ಗೊತ್ತಾದ್ರೆ ನಮ್ಮ ಕಥೆ ಮುಗೀತು.”

“ಪಕ್ಕಕ್ಕೆ ಸರೀರಿ ಸಾರ್” ಅಂದಳು. ಆರು ವರ್ಷದಲ್ಲಿ ಅವನ ಜೊತೆ ಹಾಗೆ ಮಾತಾಡಿದ್ದು ಅದೇ ಮೊದಲು.

ನಲವತ್ತೈದು ನಿಮಿಷಕ್ಕೆ ಆಂಬುಲೆನ್ಸಿನವನೊಬ್ಬ ಕರೆ ಮಾಡಿದ. ಬಾಗಿಲಿಗೆ ಒಳಗಿಂದ ಚಿಲಕ ಹಾಕಿತ್ತು, ಗಾಜು ಒಡೆಯಬೇಕಾಯಿತು ಅಂದ. ಚಪ್ಪಲಿ ಕಳಚಿ ಜೋಡಿಸಿಟ್ಟು, ಸೀಟಿನ ಹಿಂದಿನ ಹಲಗೆಯ ಮೇಲೆ ಮಗ್ಗುಲಾಗಿ ಮಲಗಿದ್ದರಂತೆ. ಒಂದು ಕೈ ಬಾಗಿಲಿನ ಕಡೆ ಚಾಚಿತ್ತಂತೆ. “ಜೀವ ಹೋಗಿ ಮೂರು ನಾಲ್ಕು ಗಂಟೆ ಆಗಿರಬಹುದು ಮೇಡಂ. ಆಸ್ಪತ್ರೆಗೆ ತಗೊಂಡು ಹೋಗ್ತಿದ್ದೀವಿ.”

ಅವಳು ಬೆರಳು ಮಡಿಸಿ ಎಣಿಸಿದಳು. ನಾಲ್ಕು ಗಂಟೆ ಅಂದರೆ ಹತ್ತೂಕಾಲು. ಮತ್ತೆ ಎಣಿಸಿದಳು. ಅಷ್ಟೇ ಬಂತು.

ಮ್ಯಾನೇಜರು, “ಮನೆಯವರಿಗೆ ನಾನು ಹೇಳ್ತೀನಿ. ದಾರೀಲಿ ಹೀಗಾಯ್ತು ಅಂದ್ರೆ ಸಾಕು” ಅಂದ. ಅವಳು ಅಷ್ಟರಲ್ಲಿ ನಂಬರು ಒತ್ತಿಬಿಟ್ಟಿದ್ದಳು.

ಸುದ್ದಿ ಕೇಳಿ ನಿಧಾನಣ್ಣನ ಹೆಂಡತಿ ಕೂಗಿಕೊಂಡಳು. ಹಿಂದೆ ಯಾರೋ ‘ಏನಾಯ್ತು, ಏನಾಯ್ತು’ ಅಂತ ಕೇಳುತ್ತಿದ್ದರು. ಚುಕ್ಕಿ ಅಕ್ಕ ಏನನ್ನೂ ಮುಚ್ಚಿಡದೆ ಹೇಳಿದಳು. ಎರಡು ಕೆಂಪು, ಗಾಳಿಯ ಜೇಬು, ಒಳಗಿನ ಚಿಲಕ, ಎಲ್ಲ.

“ಹತ್ತು ಗಂಟೆಗೆ ನೀನೇ ಹೇಳಿದೆಯಲ್ಲೇ, ಚೆನ್ನಾಗಿ ಓಡಿಸ್ತಿದ್ದಾರೆ ಅಂತ?”

“ಹೇಳಿದೆ ಅಕ್ಕ.”

“ಆಗ ಇದ್ರಾ ಅವರು?”

“ಇದ್ದಿರಬಹುದು. ನಾನು ನೋಡ್ತಿದ್ದದ್ದು ಅವರನ್ನಲ್ಲ ಅಕ್ಕ.”

ಬೈಯಲಿ ಅಂತ ಇವಳು ಕಾಯುತ್ತಿದ್ದಳು. ಆಕೆ ಬೈಯಲಿಲ್ಲ.

“ಈಗೆಲ್ಲಿದ್ದಾರೆ?” ಅಂದಳು. “ಅದರಲ್ಲಿ ನೋಡಿ ಹೇಳಬೇಡ. ಅವರ ಹತ್ತಿರ ನಿಂತಿರೋರು ಯಾರಾದ್ರೂ ಇದ್ರೆ, ಅವರನ್ನ ಕೇಳಿ ಹೇಳು. ನಾನು ಲೈನಲ್ಲೇ ಇರ್ತೀನಿ.”

ಅವಳು ಆ ಫೋನನ್ನು ಮೇಜಿನ ಮೇಲೆ ಮೆಲ್ಲಗೆ ಮಲಗಿಸಿದಳು, ಕರೆ ಕಡಿಯದ ಹಾಗೆ. ಇನ್ನೊಂದನ್ನು ಎತ್ತಿಕೊಂಡು ಆಂಬುಲೆನ್ಸಿನವನ ನಂಬರು ಒತ್ತಿದಳು. ಪರದೆಯ ಮೇಲೆ ಮತ್ಯಾರದೋ ಚುಕ್ಕಿ ಕೆಂಪಾಯಿತು. ಅವಳು ಆ ಕಡೆ ತಿರುಗಲಿಲ್ಲ.

“ಅಣ್ಣ, ನೀವೀಗ ಅವರ ಪಕ್ಕದಲ್ಲೇ ಇದ್ದೀರಾ?” ಅಂತ ಕೇಳಿದಳು.