ಲಾಯರಮ್ಮ ಬರುವ ಮಂಗಳವಾರ

ಮಂಗಳವಾರ ಬಂತೆಂದರೆ ಪುಟ್ಟಿ ಬೆಳಗಿನಿಂದಲೇ ಬೇರೆ ಹುಡುಗಿಯಾಗಿಬಿಡುತ್ತಿದ್ದಳು. ಉಳಿದ ದಿನಗಳಲ್ಲಿ ಅಕ್ಕ ತೊಡಿಸಿದ್ದನ್ನು ತೊಟ್ಟು, ಅಕ್ಕ ಕೂರಿಸಿದ ಕಡೆ ಕೂರುವವಳು, ಅಂದು ಮಾತ್ರ, “ಆ ಹಳದೀದು ಬ್ಯಾಡ ಕಣಕ್ಕಯ್ಯ, ಹಸುರುದ್ದು ಹಾಕು” ಎನ್ನುತ್ತಿದ್ದಳು. ಕನ್ನಡಿ ಕೇಳುತ್ತಿರಲಿಲ್ಲ. ಆದರೆ ಎಡಗಡೆಯ ಕೆನ್ನೆಯ ಮೇಲೆ ದುಪಟ್ಟಾ ಸರಿಯಾಗಿ ಇಳಿದಿದೆಯೇ ಎಂದು ಎರಡೆರಡು ಸಲ ಕೇಳುತ್ತಿದ್ದಳು. ಆಮೇಲೆ ಜಗಲಿಯ ಕಂಬಕ್ಕೆ ಬೆನ್ನು ಕೊಟ್ಟು ಕೂತು, ಗಾವಡಗೆರೆ ಕಡೆಯಿಂದ ಬರುವ ರಸ್ತೆಗೆ ಕಿವಿ ಇಟ್ಟುಕೊಂಡಿರುತ್ತಿದ್ದಳು. ಲಾಯರಮ್ಮನ ಸ್ಕೂಟಿಯ ಸದ್ದು ಬೇರೆ ಗಾಡಿಗಳ ಸದ್ದಿನೊಳಗೂ ಅವಳಿಗೆ ಗೊತ್ತಾಗುತ್ತಿತ್ತು.

ಅಕ್ಕ ಶಶಿ ಇದನ್ನೆಲ್ಲ ನೋಡುತ್ತಿದ್ದಳು. ನೋಡುವುದು ಅವಳ ಹುಟ್ಟುಗುಣ. ಹುಣಸೂರಿನ ಕಾಲೇಜಿನಲ್ಲಿ ಬಿ.ಎ. ಮಾಡುವಾಗಲೂ ಅವಳು ಮಾತಾಡಿದ್ದಕ್ಕಿಂತ ನೋಡಿದ್ದೇ ಹೆಚ್ಚು. ಆಗ ಪುಟ್ಟಿ ಇನ್ನೂ ಲಂಗ ಹಾಕುವ ಹುಡುಗಿ. ಮನೆಗೆ ಬಂದವರೆಲ್ಲ ಕೇಳುತ್ತಿದ್ದದ್ದು ಅವಳನ್ನೇ. ಪುಟ್ಟಿ ನಕ್ಕರೆ ಹಟ್ಟಿಯ ದನವೂ ತಿರುಗಿ ನೋಡುತ್ತದೆ ಎಂದು ಅವ್ವ ಚಿಕ್ಕಬೀರಮ್ಮ ಹೇಳುತ್ತಿದ್ದಳು. ಶಶಿಯ ಬಗ್ಗೆ ಹೇಳುವಾಗ ಮಾತ್ರ, “ಓದವ್ಳೆ” ಎಂದು ಅಲ್ಲಿಗೇ ನಿಲ್ಲಿಸುತ್ತಿದ್ದಳು.

ಹೋದ ವರ್ಷ ಹೊಗೆಸೊಪ್ಪಿನ ಕಾಲದಲ್ಲಿ, ಊರಿನ ಸಾಹುಕಾರ ನೀಲಕಂಠಸ್ವಾಮಿಯ ಬ್ಯಾರನ್ನಿಗೆ ಬೆಂಕಿ ಬಿತ್ತು. ಸೊಪ್ಪು ಬೇಯಿಸುವ ಆ ಮಣ್ಣಿನ ಗೂಡಿನೊಳಗೆ ಕಾದ ಕೊಳವೆಗಳ ಮೇಲೆ ತಂತಿಬಲೆ ಇರಬೇಕು, ಮೇಲಿನಿಂದ ಒಣಗಿದ ಎಲೆ ಉದುರಿದರೆ ತಡೆಯಲಿಕ್ಕೆ. ಬಲೆ ಎಂದೋ ಹರಿದುಹೋಗಿತ್ತು. ಸೊಪ್ಪಿನ ಹದ ನೋಡಿ ಬಾ ಎಂದು ಒಳಗೆ ಕಳಿಸಿದ್ದು ಅಲ್ಲಿ ಕೆಲಸಕ್ಕೆ ಹೋಗಿದ್ದ ಪುಟ್ಟಿಯನ್ನು. ಎರಡು ಕೈ, ಕುತ್ತಿಗೆ, ಎಡಗೆನ್ನೆ ಸುಟ್ಟುಹೋದವು. ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಮಳೆಗಾಲ ಮುಗಿದು ಚಳಿಗಾಲ ಬರುವವರೆಗೂ ಅಕ್ಕ ತಂಗಿ ಇದ್ದರು. ಮದುವೆಗೆ ಗೊತ್ತಾಗಿದ್ದ ಗಂಡಿನ ಕಡೆಯವರು ಒಮ್ಮೆ ಬಂದು, ವಾರ್ಡಿನ ಬಾಗಿಲಲ್ಲೇ ನಿಂತು, ಕಿತ್ತಳೆ ಕೊಟ್ಟು ಹೋದರು. ಆಮೇಲೆ ಬರಲಿಲ್ಲ.

ಶಶಿ ಗಾವಡಗೆರೆಯ ಖಾಸಗಿ ಶಾಲೆಯ ಟೀಚರ್ ಕೆಲಸ ಬಿಟ್ಟಳು. ಯಾರೂ ಬಿಡು ಎನ್ನಲಿಲ್ಲ. ಗಾಯ ತೊಳೆಯುವುದು, ಪಟ್ಟಿ ಬದಲಿಸುವುದು, ತಲೆ ಬಾಚುವುದು, ಹೊರಕ್ಕೆ ಕರೆದೊಯ್ಯುವುದು, ಎಲ್ಲ ಅವಳೇ. ಅವ್ವ ಹತ್ತಿರ ಬಂದರೆ, “ನಿಂಗೆ ಗೊತ್ತಾಗಲ್ಲವ್ವ, ಬಿಡು” ಎನ್ನುತ್ತಿದ್ದಳು. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ತಂಗಿಯ ಬಾಯಿಗಿಡುವಾಗ ಅವಳಿಗೊಂದು ಸಮಾಧಾನ ಸಿಗುತ್ತಿತ್ತು. ಅದನ್ನು ಸಂತೋಷ ಎಂದು ಕರೆಯಲು ಅವಳಿಗೆ ಧೈರ್ಯವಿರಲಿಲ್ಲ. ಎಲ್ಲರ ಪುಟ್ಟಿ ಈಗ ಅವಳೊಬ್ಬಳ ಪುಟ್ಟಿಯಾಗಿದ್ದಳು.

ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು ಒತ್ತಿ ಹೇಳಿದ್ದರು: ತಲೆದಿಂಬು ಬೇಡ, ಕುತ್ತಿಗೆ ಮುಂದಕ್ಕೆ ಬಾಗಿ ಅಂಟಿಕೊಂಡುಬಿಡುತ್ತದೆ, ಬೆರಳು ದಿನಾ ಬಿಡಿಸಿ ಮಡಿಸಬೇಕು, ಅತ್ತರೂ ಬಿಡಬೇಡಿ, ಅವಳ ಊಟ ಅವಳೇ ಮಾಡಲಿ. ಶಶಿ ತಲೆಯಾಡಿಸಿ ಬಂದಿದ್ದಳು. ಊರಿಗೆ ಬಂದ ಮೇಲೆ ಪುಟ್ಟಿ ನೋವಿಗೆ ಅತ್ತಳು, ಶಶಿ ಬೆರಳು ಬಿಡಿಸುವುದನ್ನು ನಾಳೆಗೆ ಹಾಕಿದಳು. ಪುಟ್ಟಿ ನಿದ್ದೆ ಬರುವುದಿಲ್ಲ ಎಂದಳು, ಶಶಿ ದಿಂಬು ಕೊಟ್ಟಳು. ಅಳಿಸದಿರುವುದೇ ಆರೈಕೆ ಎಂದು ನಂಬಿದಳು. ಈಗ ಪುಟ್ಟಿಯ ಬಲಗೈ ಬೆರಳುಗಳು ಅಂಗೈಗೆ ಮಡಿಚಿಕೊಂಡಿದ್ದವು, ಗದ್ದ ಎದೆಯ ಕಡೆ ಎಳೆದುಕೊಂಡಿತ್ತು.

ಲಾಯರಮ್ಮ ಎಂದರೆ ಸುಧಾ. ಪಿರಿಯಾಪಟ್ಟಣದ ಹುಡುಗಿ, ಹುಣಸೂರಿನ ಕೋರ್ಟಿನಲ್ಲಿ ವಕೀಲಿ. ಬಡವರಿಗೆ ಪುಕ್ಕಟೆ ವಕೀಲರನ್ನು ಕೊಡುವ ತಾಲ್ಲೂಕಿನ ಕಾನೂನು ಸಮಿತಿಯಿಂದ ಬಂದವಳು. ನೀಲಕಂಠಸ್ವಾಮಿಯ ಮೇಲೆ ಪರಿಹಾರಕ್ಕೆ ಹಾಕಿದ ಕೇಸು ಅವಳದ್ದು. ಅರ್ಜಿ ಬರೆಸಿದ್ದು ಶಶಿಯೇ. ಆದರೆ ಅವಳು ಕಲ್ಪಿಸಿಕೊಂಡಿದ್ದು ಕನ್ನಡಕದ, ಮಾತು ಕಡಿಮೆಯ ಒಬ್ಬ ಮುದುಕರನ್ನು. ಅವರು ಪ್ರಶ್ನೆ ಕೇಳುತ್ತಾರೆ, ತಾನು ಉತ್ತರ ಹೇಳುತ್ತೇನೆ, ಪುಟ್ಟಿ ಪಕ್ಕದಲ್ಲಿ ಕೂತಿರುತ್ತಾಳೆ. ಸುಧಾ ಬಂದವಳೇ ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, “ಶಶಿಯವರೇ, ಒಂದು ಲೋಟ ನೀರು ಕೊಡಿ, ನಾನು ಇವಳ ಹತ್ತಿರ ಮಾತಾಡ್ತೀನಿ” ಎಂದಳು. ಆವತ್ತಿನಿಂದ ಹಾಗೆಯೇ.

ನೀಲಕಂಠಸ್ವಾಮಿ ಕೋರ್ಟಿಗೆ ಕೊಟ್ಟ ಜವಾಬು ಇದು: ಹುಡುಗಿ ಕೂಲಿಗೆ ಬಂದವಳಲ್ಲ, ಮುಯ್ಯಾಳಾಗಿ ಬಂದವಳು. ಇಂದು ಅವರ ಹೊಲಕ್ಕೆ ಇವರು, ನಾಳೆ ಇವರ ಹೊಲಕ್ಕೆ ಅವರು. ಮುಯ್ಯಿಗೆ ಸಂಬಳವಿಲ್ಲ, ಸಂಬಳವಿಲ್ಲದ ಮೇಲೆ ಮಾಲೀಕನಿಲ್ಲ, ಮಾಲೀಕನೇ ಇಲ್ಲದ ಮೇಲೆ ಪರಿಹಾರ ಎಲ್ಲಿಯದು?

“ಮುಯ್ಯಾಳು ಅಂದ್ರೆ ಅವರೂ ನಿಮ್ಮ ಹೊಲಕ್ಕೆ ಬರಬೇಕಲ್ಲ. ನೀಲಕಂಠಸ್ವಾಮಿ ಯಾವಾಗಾದರೂ ಬಂದಿದ್ರಾ?” ಎಂದು ಒಂದು ಮಂಗಳವಾರ ಸುಧಾ ಕೇಳಿದ್ದು, ಒಳಗೆ ಲೋಟಕ್ಕೆ ನೀರು ಬಗ್ಗಿಸುತ್ತಿದ್ದ ಶಶಿಗೆ ಕೇಳಿಸಿತು.

“ಅವಯ್ಯ ನಮ್ಮೊಲದಲ್ಲಿ ಕಳೆ ಕಿತ್ರೆ ಸೂರ್ಯ ಪಡುವಲಾಗೆ ಹುಟ್ತಾನೆ ಬುಡಿ ಮೇಡಂ! ಬಗ್ಗುದ್ರೆ ಎತ್ತಕ್ಕೆ ನಾಕಾಳು ಬೇಕು. ಆ ಆಳಿಗೆ ಕೂಲಿ ಯಾರು ಕೊಡಾದು?”

ಆಮೇಲೆ ಒಂದು ನಗು. ಶಶಿಯ ಕೈಯಲ್ಲಿದ್ದ ಲೋಟ ತುಂಬಿ ನೀರು ಕಾಲಮೇಲೆ ಸುರಿಯಿತು. ಪುಟ್ಟಿಯ ನಗು. ಬೆಂಕಿಯ ನಂತರ ಈ ಮನೆಯಲ್ಲಿ ಕೇಳಿರದ ನಗು. ಇಷ್ಟು ತಿಂಗಳು ತೊಳೆದು, ಒರೆಸಿ, ಉಣಿಸಿದ ತನಗೆ ಒಮ್ಮೆಯೂ ಸಿಗದದ್ದು, ವಾರಕ್ಕೊಮ್ಮೆ ಬಂದು ಹೋಗುವವಳಿಗೆ ಕೇಳದೆಯೇ ಸಿಕ್ಕಿತ್ತು. ನೀರು ತಂದಿಟ್ಟು, “ಜಾಸ್ತಿ ನಗಿಸಬೇಡಿ, ಕೆನ್ನೆ ಚರ್ಮ ಎಳೆಯುತ್ತೆ” ಎಂದಳು.

“ಎಳೀಲಿ, ಒಳ್ಳೇದೇ” ಎಂದಳು ಸುಧಾ. “ಇವಳ ಊಟ ಇವಳೇ ಮಾಡ್ತಾಳೆ ತಾನೆ?”

ಪುಟ್ಟಿ ಅಕ್ಕನ ಮುಖ ನೋಡಿದಳು. ಶಶಿ, “ಮಾಡ್ತಾಳೆ, ಒಂದೊಂದ್ಸಲ” ಎಂದಳು. ಅದು ಸುಳ್ಳು. ಸುಧಾ ಪುಟ್ಟಿಯ ಮಡಿಚಿದ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಪುಟ್ಟಿ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ತಾನು ಮುಟ್ಟಿದರೆ ಮುಖ ಕಿವುಚುವವಳು!

ಅಂದು ಹೋಗುವಾಗ ಸುಧಾ ಹೇಳಿದಳು: ಮೈಸೂರಿನಲ್ಲಿ ಪ್ಲಾಸ್ಟಿಕ್ ಸರ್ಜರಿ ಡಾಕ್ಟರೊಬ್ಬರಿದ್ದಾರೆ, ಮಡಿಚಿಕೊಂಡ ಬೆರಳು ಬಿಡಿಸುವ ಆಪರೇಷನ್ ಮಾಡುತ್ತಾರೆ. ಅವರು ನೋಡಿ ಕೊಡುವ ಸರ್ಟಿಫಿಕೇಟು ಕೇಸಿಗೂ ಬೇಕೇಬೇಕು. ದಿನ ಗೊತ್ತಾದ ಕೂಡಲೇ ಫೋನ್ ಮಾಡುತ್ತೇನೆ. ಆಪರೇಷನ್ ಆದರೆ ಪುಟ್ಟಿ ಅಲ್ಲೇ ಸ್ವಲ್ಪ ದಿನ ಇರಬೇಕಾಗುತ್ತದೆ, ನನ್ನ ಚಿಕ್ಕಮ್ಮನ ಮನೆ ಪಕ್ಕದಲ್ಲೇ ಇದೆ, ನಾನೂ ಬಂದು ಹೋಗುತ್ತಿರುತ್ತೇನೆ.

ಊರಿನಲ್ಲಿ ಫೋನು ಇದ್ದದ್ದು ಕಂಠಪ್ಪನ ಅಂಗಡಿಯಲ್ಲಿ. ಬುಧವಾರ ಶಶಿ ಸೀಗೆಪುಡಿ ತರಲು ಹೋದಾಗ ಅವನೇ ಕೂಗಿದ. “ಮಿಸ್ನೋರೆ, ನಿಮ್ ಲಾಯರಮ್ಮ ಫೋನ್ ಮಾಡಿದ್ರು. ಶುಕ್ರವಾರ ಬೆಳಗ್ಗೆ ಪುಟ್ಟಿನ ಕರ್ಕೊಂಡು ಮೈಸೂರಿಗೆ ಬರಬೇಕಂತೆ, ಬಸ್ಟ್ಯಾಂಡಲ್ಲಿ ಕಾಯ್ತಿರ್ತಾರಂತೆ. ತಪ್ಪಿಸ್ಬ್ಯಾಡಿ ಅಂದವ್ರೆ.”

“ಆಯ್ತು ಕಂಠಪ್ಪ, ಹೇಳ್ತೀನಿ” ಎಂದಳು ಶಶಿ.

ಹೇಳಲಿಲ್ಲ. ಮನೆ ಸೇರುವಷ್ಟರಲ್ಲಿ ಕಾರಣಗಳು ತಾವಾಗಿಯೇ ಸಾಲುಗಟ್ಟಿದವು. ಬಿಸಿಲು, ಬಸ್ಸಿನ ಧೂಳು, ಜನ ಮುಖ ನೋಡಿ ಪಿಸುಗುಟ್ಟುವುದು. ಇನ್ನೊಂದು ಸಲ ಕತ್ತರಿ, ಇನ್ನೊಂದು ಸಲ ಅಳು. ಒಂದೊಂದೂ ನಿಜವೇ. ಆದರೆ ಎಲ್ಲದರ ಕೆಳಗೆ ಒಂದು ಚಿತ್ರವಿತ್ತು: ಮೈಸೂರಿನ ಯಾವುದೋ ಮನೆಯ ಹಜಾರದಲ್ಲಿ ಪುಟ್ಟಿ ತನ್ನ ಕೈಯಾರೆ ಉಣ್ಣುತ್ತಿದ್ದಾಳೆ, ಸುಧಾ ಎದುರು ಕೂತು ಏನೋ ಹೇಳುತ್ತಿದ್ದಾಳೆ, ಇಬ್ಬರೂ ನಗುತ್ತಿದ್ದಾರೆ. ಆ ಚಿತ್ರದಲ್ಲಿ ಶಶಿ ಎಲ್ಲಿಯೂ ಇರಲಿಲ್ಲ.

ಶುಕ್ರವಾರ ಅವಳು ಅವರೆಕಾಳಿನ ಸಾರು ಮಾಡಿದಳು, ಪುಟ್ಟಿಗೆ ಇಷ್ಟ ಎಂದು. ಪುಟ್ಟಿ ಕೊಟ್ಟಷ್ಟು ನುಂಗಿದಳು. “ಚೆನ್ನಾಗಿದೆಯಾ?” ಎಂದರೆ, “ಊಂ” ಎಂದಳು. ಸಂಜೆ ಶಶಿ ಕೊಟ್ಟಿಗೆಯಲ್ಲಿದ್ದಾಗ ಕಂಠಪ್ಪನ ಹೆಂಡತಿ ರಾಮಮ್ಮ ಮಜ್ಜಿಗೆಗೆ ಬಂದು ಹೋದಳು.

ಶನಿವಾರ ಸ್ಕೂಟಿ ಬಂತು. ಸುಧಾ ತಲೆಗೆ ಕಟ್ಟಿದ ಬಟ್ಟೆಯನ್ನೂ ಬಿಚ್ಚದೆ ಜಗಲಿ ಹತ್ತಿದಳು. “ಏನ್ರೀ ಇದು? ಮಧ್ಯಾಹ್ನದವರೆಗೂ ಬಸ್‌ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಡಾಕ್ಟರನ್ನ ಎಷ್ಟು ಬೇಡಿಕೊಂಡು ದಿನ ತಗೊಂಡಿದ್ದೆ ಗೊತ್ತಾ? ಫೋನಿನ ವಿಷಯ ಹೇಳಲಿಲ್ವಾ ಅಂಗಡಿಯವರು?”

ಶಶಿ ಬಾಯಿ ತೆರೆದಳು. ಅಂಗಡಿಯವನ ಮೇಲೆ ಹಾಕಿಬಿಡಬಹುದಿತ್ತು; ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ಅಷ್ಟರಲ್ಲಿ ಪುಟ್ಟಿ, ನೆಲ ನೋಡುತ್ತಾ, “ಅಕ್ಕಯ್ಯ ಯೋಳಿದ್ಲು ಮೇಡಂ. ನಾನೇ ಬರಾಕಿಲ್ಲ ಅಂದೆ. ಎದರಿಕೆ ಆಯ್ತು” ಎಂದಳು.

ಸುಧಾಳ ಮುಖ ಇಳಿಯಿತು. “ಹೋಗಲಿ ಬಿಡು. ಆದರೆ ಪುಟ್ಟಿ, ಹುಡುಗಿ ಚೆನ್ನಾಗೇ ಇದ್ದಾಳೆ, ಅದಕ್ಕೇ ಡಾಕ್ಟರ ಮುಂದೆ ಬರೋದಿಲ್ಲ ಅಂತಾರೆ ಕೋರ್ಟಲ್ಲಿ ನೀಲಕಂಠಸ್ವಾಮಿ ಕಡೆಯವರು. ನಾನೇನು ಹೇಳಲಿ?” ಎಂದಳು. ಅವ್ವ ಕಾಫಿಗೆಂದು ಅವಳನ್ನು ಒಳಕ್ಕೆ ಕರೆದುಕೊಂಡು ಹೋದಳು.

ಶಶಿ ತಂಗಿಯ ಪಕ್ಕ ಕುಕ್ಕರಿಸಿದಳು. ಮೊದಲು ಅವಳಿಗೆ ಆದದ್ದು ಹಿಗ್ಗು. ಕೊನೆಗೂ ಪುಟ್ಟಿ ತನ್ನ ಕಡೆ ನಿಂತಳು, ಲಾಯರಮ್ಮನ ಎದುರಿಗೆ, ತನಗಾಗಿ ಸುಳ್ಳು ಹೇಳಿದಳು! “ಯಾಕೆ ಹಾಗಂದೆ? ನಿನಗೆ ಯಾರು ಹೇಳಿದ್ದು?”

“ರಾಮಮ್ಮತ್ತೆ. ಯಾಕವ್ವ ಮೈಸೂರಿಗೆ ಓಗ್ಲಿಲ್ಲ ಅಂತ ಕೇಳ್ತು.”

“ಮತ್ತೆ ನಿಜ ಹೇಳಬಹುದಿತ್ತಲ್ಲೇ.”

ಪುಟ್ಟಿ ಮುಖ ಎತ್ತಲಾರದೆ ಕಣ್ಣು ಮಾತ್ರ ಎತ್ತಿದಳು. “ಯೋಳ್ಬುಟ್ಟು? ನೀನು ಮುನಿಸ್ಕೊಂಡ್ರೆ? ಲಾಯರಮ್ಮ ವಾರಕ್ಕೊಂದಪ ಬತ್ತಾರೆ ಕಣಕ್ಕಯ್ಯ. ಬಾಯಾರಿಕೆ ದಿನಾ ಆಯ್ತದೆ, ನೀರ್ ಕೊಡೋಳು ನೀನು.”

ಶಶಿಯ ಹಿಗ್ಗು ಎಲ್ಲಿ ಹೋಯಿತೋ. ಕೊಟ್ಟಷ್ಟು ನುಂಗಿದ್ದು, ಊಂ ಎಂದದ್ದು, ಕೂರಿಸಿದಲ್ಲಿ ಕೂತದ್ದು, ಇಷ್ಟು ದಿನ ಪ್ರೀತಿಯೆಂದು ತಾನು ಎತ್ತಿಟ್ಟುಕೊಂಡದ್ದೆಲ್ಲ ಅಂಜಿಕೆಯಾಗಿ ಅವಳೆದುರು ಕೂತಿತ್ತು. ತಂಗಿ ಅವಳನ್ನು ಓಲೈಸುತ್ತಿದ್ದಳು, ಅಷ್ಟೆ. ಗಯ್ಯಾಳಿ ಅತ್ತೆಯನ್ನು ಸೊಸೆ ಓಲೈಸುವ ಹಾಗೆ.

ಸುಧಾ ಕಾಫಿ ಕುಡಿದು ಹೊರಬಂದು ಸ್ಕೂಟಿಯ ಬಳಿ ಹೋದಾಗ ಶಶಿ ಅಂಗಳಕ್ಕೆ ಇಳಿದಳು. ಪದಗಳನ್ನು ಆರಿಸಿ ಆಡುವ ಅಭ್ಯಾಸದವಳಿಗೆ ಅಂದು ಆರಿಸಲು ಏನೂ ಉಳಿದಿರಲಿಲ್ಲ. “ಪುಟ್ಟಿ ಸುಳ್ಳು ಹೇಳಿದಳು. ಕಂಠಪ್ಪ ನನಗೆ ಹೇಳಿದ್ದ. ನಾನು ಅವಳಿಗೆ ಹೇಳಲಿಲ್ಲ. ನಿಮ್ಮ ಜೊತೆ ಕಳಿಸೋದಕ್ಕೆ ನನಗೆ ಇಷ್ಟ ಇರಲಿಲ್ಲ.”

“ಅಂದರೆ?”

“ನಿಮ್ಮನ್ನು ಕಂಡರೆ ನನಗಾಗೋದಿಲ್ಲ” ಎಂದಳು ಶಶಿ. “ಅವಳು ನಿಮ್ಮ ಹತ್ತಿರ ನಗ್ತಾಳೆ.”

ಸುಧಾ ಏನಾದರೂ ಹೇಳುವ ಮೊದಲೇ ಜಗಲಿಯಿಂದ ಪುಟ್ಟಿಯ ಕೂಗು ಬಂತು.

“ನಿನ್ ಮೊಕಕ್ಕೆ ಮಣ್ಣಾಕ! ನಗ್ತೀನಂತೆ! ನನ್ ಕೈ ನೋಡೇ ಇಲ್ಲಿ, ನೋಡು! ಕೋಳಿ ಕಾಲ್ ಆದಂಗ್ ಆಗದೆ! ಇನ್ನೊಂದೀಟು ದಿನ ಬುಟ್ರೆ ಕತ್ತರ್ಸಿ ಬಿಸಾಕ್ಬೇಕು. ನಿಂಗೆ ಉಣ್ಸಾಕ್ ಒಂದ್ ಬಾಯಿ ಬೇಕಾಗಿತ್ತು, ಅಷ್ಟೆಯಾ? ಕೂಸು ಬೇಕಿದ್ರೆ ಮದ್ವೆ ಆಗಿ ಎತ್ಕೋಬೇಕಾಗಿತ್ತು ಕಣೆ, ನನ್ನ ಕೂಸ್ ಮಾಡ್ಕೊಂಡೇನೆ?”

ಅವ್ವ ಬಾಗಿಲಿಗೆ ಬಂದು ಬಾಯಿ ಮೇಲೆ ಸೆರಗಿಟ್ಟುಕೊಂಡಳು. ಸುಧಾ ಎರಡು ಹೆಜ್ಜೆ ಮುಂದೆ ಬಂದು, “ಪುಟ್ಟಿ, ಸಾಕು, ಸಮಾಧಾನ...” ಎನ್ನುತ್ತಿದ್ದಳು.

“ನೀವು ಸುಮ್ಕಿರಿ ಮೇಡಂ! ಇದು ನಮ್ಮಿಬ್ರದು. ನಿಮ್ಗೆ ತಿಳಿಯಾಕಿಲ್ಲ!”

ನಾಚಿಕೆಯಿಂದ ತಲೆ ತಗ್ಗಿಸಿದ್ದ ಶಶಿಗೆ ಆ ಮಾತು ಕೇಳಿದೊಡನೆ, ಅಂಥ ಹೊತ್ತಿನಲ್ಲೂ, ಒಂದು ಸುಖ ಮಿಂಚಿಹೋಯಿತು. ಲಾಯರಮ್ಮನಿಗೆ ನಗು, ಮೇಡಂ, ನೀವು. ಈ ಬೈಗುಳ ಮಾತ್ರ ತನ್ನದು. ತನ್ನ ಮನಸ್ಸು ಎಂಥದ್ದು ಎಂದು ಅವಳಿಗೆ ಅಸಹ್ಯವಾಯಿತು. ಆದರೂ ತಲೆ ಎತ್ತಿ, ತಂಗಿಯ ಮುಖವನ್ನೇ ನೋಡುತ್ತಾ, ಪುಟ್ಟಿಗೆ ಉಸಿರು ಕಟ್ಟುವವರೆಗೂ ನಿಂತು ಕೇಳಿದಳು.

“ಡಾಕ್ಟರ ಹತ್ತಿರ ಇನ್ನೊಂದು ದಿನ ಕೇಳ್ತೀನಿ” ಎಂದಳು ಸುಧಾ, ಕೊನೆಗೆ. ಶಶಿಯ ಕಡೆ ನೋಡಲಿಲ್ಲ. “ಈ ಸಲ ಜೊತೇಲಿ ಯಾರು ಬರ್ತೀರಿ?”

“ಅವ್ವ ಬತ್ತದೆ” ಎಂದಳು ಪುಟ್ಟಿ. “ಅಕ್ಕಯ್ಯ ಬ್ಯಾಡ.”

ಡಾಕ್ಟರು ಮುಂದಿನ ತಿಂಗಳಿಗೆ ದಿನ ಕೊಟ್ಟರು. ಆ ಬೆಳಗ್ಗೆ ಶಶಿ ಬಸ್ಸಿನವರೆಗೂ ಚೀಲ ಹೊತ್ತು ಬಂದಳು, ದಾರಿಯುದ್ದಕ್ಕೂ ಅವ್ವನಿಗೆ ಹೇಳಿದಳು. ಮೊಣಕೈ ಹಿಡಿದು ಹತ್ತಿಸಬಾರದು, ಬೆನ್ನಿಗೆ ಕೈ ಕೊಡಬೇಕು. ಬಿಸಿಲು ಬೀಳುವ ಕಿಟಕಿ ಬೇಡ. ಡಾಕ್ಟರು ಮೊಟ್ಟೆ ಕೊಡಿ ಅಂದರೆ ನಂಜು ಗಿಂಜು ಅನ್ನದೆ ಕೊಡಬೇಕು. “ಆಯ್ತು ಕಣಮ್ಮಿ, ಎತ್ತೋಳಿಗೆ ಯೋಳಿಕೊಡ್ತೀಯ” ಎಂದು ಅವ್ವ ರೇಗಿದಳು.

ಬಸ್ಸು ಬಂತು. ಅವ್ವ ಮರೆತು ಮೊಣಕೈಯನ್ನೇ ಹಿಡಿದಳು. ಪುಟ್ಟಿ, “ಅಯ್ಯೋ ಅಲ್ಲಲ್ಲ ಕಣವ್ವ, ಬೆನ್ನಿಗೆ!” ಎಂದು ನಕ್ಕುಬಿಟ್ಟಳು, ಅವ್ವನೂ ನಕ್ಕಳು. ಇಬ್ಬರೂ ನಗುತ್ತಲೇ ಒಳಗೆ ಹೋದರು. ಕೆಳಗೆ ನಿಂತ ಶಶಿಗೆ ಮತ್ತೆ ಅದೇ ಹೊಟ್ಟೆಕಿಚ್ಚು, ಈ ಸಲ ಹೆತ್ತ ಅವ್ವನ ಮೇಲೆ. ಅವಳು ಫುಟ್‌ಬೋರ್ಡಿನ ಕಡೆ ಒಂದು ಹೆಜ್ಜೆ ಇಟ್ಟಳು. ಕಂಡಕ್ಟರು ಇಣುಕಿ, “ಹತ್ತೀರೇನಮ್ಮ?” ಎಂದ.

“ಇಲ್ಲ” ಎಂದಳು ಶಶಿ, “ಹೋಗಲಿ.”