ಕಾವು ಕೂತ ಕೋಳಿಯ ಸಾಕ್ಷಿ

ಶಹಾತ ದೊಡ್ಡಪ್ಪನ ಬಲಗಣ್ಣಿನ ಪೊರೆ ತೆಗೆದು ಪಟ್ಟಿ ಕಟ್ಟಿದ್ದರು. ಈಜಿಪ್ಟಿನ ತಂತಾ ಪಟ್ಟಣದ ಪಕ್ಕದ ನಮ್ಮೂರಿನಲ್ಲಿ ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸುವುದು ಅವರ ಮನೆತನದ ಕಸುಬು. ಮೊಟ್ಟೆಯನ್ನು ಬಲರೆಪ್ಪೆಗೆ ಒತ್ತಿ ಬಿಸಿ ಹೇಳುತ್ತಿದ್ದರು; ಅರವತ್ತು ವರ್ಷ ತಪ್ಪಿದ್ದಿಲ್ಲ. ಈಗ ಆ ಕಣ್ಣು ಮುಟ್ಟಕೂಡದು, ಕಾವಿನ ಕೋಣೆ ಬಿಸಿಮಾಡುವ ಸೀಮೆಎಣ್ಣೆ ದೀಪದ ಹೊಗೆಯೂ ಕೂಡದು. ಹಾಗಾಗಿ ರೇಡಿಯೊ ರಿಪೇರಿಯ ಇನ್ಸಾಫ್, ಅಂದರೆ ನನ್ನನ್ನು, ಕರೆದರು. ಹೀಟರು, ಫ್ಯಾನು, ಬಿಸಿ ಅಳೆದು ಹೀಟರು ನಡೆಸುವ ಪೆಟ್ಟಿಗೆ ಎಲ್ಲ ಕೂರಿಸಿದೆ. ಕೋಣೆಯೊಳಗೆ ಊರ ಹೆಂಗಸರು ಮರಿ ಮಾಡಿಸಲು ಕೊಟ್ಟ ಆರುನೂರು ಮೊಟ್ಟೆ. ಕಾವು ತಗ್ಗಿದರೆ ಮರಿ ಮೊಟ್ಟೆಯೊಳಗೇ ಸಾಯುತ್ತದೆ.

ಮೂರನೆಯ ದಿನ ಬೆಳಿಗ್ಗೆ ದೊಡ್ಡಪ್ಪ ಒಂದು ಮೊಟ್ಟೆಯನ್ನು ಎಡಗಣ್ಣಿಗೆ ಒತ್ತಿಕೊಂಡರು.

"ಇನ್ಸಾಫ್, ತಣ್ಣಗಿದೆಯಲ್ಲಮ್ಮಾ."

"ಮೂವತ್ತೇಳೂವರೆ ಡಿಗ್ರಿ ತೋರಿಸ್ತಿದೆ ದೊಡ್ಡಪ್ಪ. ನಿಮ್ಮ ಎಡಗಣ್ಣಿಗೆ ಅಭ್ಯಾಸ ಇಲ್ಲ."

"ಅದೂ ನಿಜಾನೇ, ಸೋಮಾರಿ ಕಣ್ಣು. ಹಾಗಾದ್ರೆ ನಿನ್ನ ಕಣ್ಣನ್ನೇ ಕೇಳೋಣ ಬಾ."

ಅಂಗಳದಲ್ಲಿ ಕಾವು ಕೂತಿದ್ದ ಕೋಳಿಯ ಅಡಿಯಿಂದ ಒಂದು ಮೊಟ್ಟೆ ತಂದರು, ಕೈಗೆ ಕುಕ್ಕಿಸಿಕೊಂಡೇ ತಂದರು. ನನ್ನ ಕಣ್ಣು ಮುಚ್ಚಿಸಿ ಒಂದು ರೆಪ್ಪೆಗೆ ಕೋಳಿಯದು, ಇನ್ನೊಂದಕ್ಕೆ ನನ್ನ ಕೋಣೆಯದು ಇಟ್ಟರು. ನನ್ನದು ತಣ್ಣಗಿತ್ತು.

"ಕೋಳಿ ಸುಳ್ಳು ಹೇಳಲ್ಲ. ನಿನ್ನ ಪೆಟ್ಟಿಗೆ ಯಾವುದಕ್ಕೆ ಹೋಲಿಸಿ ನೋಡುತ್ತೆ?" ಎಂದರು.

ಪೆಟ್ಟಿಗೆ ಬಿಚ್ಚಿದೆ. ಅದರ ಮಿದುಳಾದ ಮೈಕ್ರೊಕಂಟ್ರೋಲರಿನೊಳಗೆ ಎಡಿಸಿ ಎಂಬ ತೂಗುವ ಭಾಗವಿದೆ. ಬಿಸಿಯ ಸೆನ್ಸರ್ ಕೊಡುವ ವೋಲ್ಟೇಜು ತಕ್ಕಡಿಯ ಒಂದು ತಟ್ಟೆಯಲ್ಲಿ ಅನ್ನಿ. ಇನ್ನೊಂದಕ್ಕೆ ಗೊತ್ತಿರುವ ಒಂದು ವೋಲ್ಟೇಜಿನ ಅರ್ಧವನ್ನು ತೂಕದ ಬಟ್ಟಾಗಿ ಹಾಕುತ್ತದೆ. ಬಟ್ಟು ಭಾರವಾಯಿತೋ, ತೆಗೆಯುತ್ತದೆ, ಇಲ್ಲವೋ, ಇರಗೊಡುತ್ತದೆ. ಆಮೇಲೆ ಕಾಲು, ಅರೆಕಾಲು, ಹೀಗೆ ಹತ್ತು ಸಲ. ಉಳಿದ ಬಟ್ಟುಗಳನ್ನು ಕೂಡಿದರೆ ಅಂಕಿ ಸಿಕ್ಕಿತು. ಆದರೆ ಬಟ್ಟೇ ಸವೆದಿದ್ದರೆ ಮಾಲು ಭಾರವಾಗಿ ಕಾಣುತ್ತದೆ. ಮಹಾ ಜಾಣೆ ನಾನು, ಫ್ಯಾನಿಗೆ ಹೋಗುವ ಐದು ವೋಲ್ಟನ್ನೇ ಬಟ್ಟು ಮಾಡಿದ್ದೆ! ಫ್ಯಾನು ತಿರುಗಿದಾಗಲೆಲ್ಲ ಅದು ಕುಸಿಯುತ್ತಿತ್ತು. ಕೋಣೆ ಮೂವತ್ತಾರಿದ್ದರೂ ಪೆಟ್ಟಿಗೆ ಮೂವತ್ತೇಳೂವರೆ ಎನ್ನುತ್ತಿತ್ತು.

ಬಟ್ಟಿಗೆಂದೇ ಕದಲದ ವೋಲ್ಟೇಜು ಕೊಡುವ ಪುಟ್ಟ ಚಿಪ್ ಒಂದನ್ನು ಮಧ್ಯಾಹ್ನದೊಳಗೆ ಬೆಸೆದೆ. ಸಂಜೆ ಮತ್ತೆ ರೆಪ್ಪೆಗೆ ಎರಡು ಮೊಟ್ಟೆ. ಈ ಸಲ ಯಾವುದು ಕೋಳಿಯದೆಂದು ಗೊತ್ತಾಗಲಿಲ್ಲ. ದೊಡ್ಡಪ್ಪ ಒಂದು ಮಾತೂ ಬೈಯಲಿಲ್ಲ.

ಮರಿ ಹೊರಬರಬೇಕಾದ ಇಪ್ಪತ್ತೊಂದನೆಯ ದಿನ ಒಂದೂ ಮೊಟ್ಟೆ ಒಡೆಯಲಿಲ್ಲ. ನನಗೆ ಊಟ ಸೇರಲಿಲ್ಲ. ಇಪ್ಪತ್ತೆರಡರ ಬೆಳಿಗ್ಗೆ ಕೋಣೆ ತುಂಬ ಚಿಂವ್ ಚಿಂವ್. ಹೆಂಗಸರು ಬುಟ್ಟಿ ಹಿಡಿದು ಬಂದರು.

"ಯಾಕೆ ಶಹಾತಣ್ಣ, ಈ ಸಲ ಒಂದು ದಿನ ತಡ?"

"ನನ್ನ ಎಡಗಣ್ಣು ಸೋಮಾರಿ ಕಣಮ್ಮ, ಮೊದಲು ಸರಿಯಾಗಿ ನೋಡಲಿಲ್ಲ. ಈ ಹುಡುಗಿ ಇಲ್ದಿದ್ರೆ ಇಷ್ಟೂ ದಕ್ಕುತ್ತಿರಲಿಲ್ಲ."

ಅರವತ್ತು ವರ್ಷದ ಹೆಸರನ್ನು ನನ್ನ ಮೂರು ದಿನದ ತಪ್ಪಿಗೆ ಅಡ್ಡ ಹಿಡಿದಿದ್ದರು. ನನಗೆ ತಡೆಯಲಾಗಲಿಲ್ಲ.

"ಸುಳ್ಳು! ತಪ್ಪು ನಂದು. ನಿಮ್ಮ ಮರಿ ಉಳಿಸಿದ್ದು ಆ ಎಡಗಣ್ಣೇ" ಎಂದೆ.